ಮಾಮ ಕರ್ಕೊಂಡು ಹೋದ್ರು

ಪೊಲೀಸರು ಮನೆಯೊಳಗೆ ಬಂದವರೇ ಮೊದಲು ಮುಚ್ಚಳ ತೆಗೆದು ನೋಡಿದ್ದು ಅಕ್ಕಿಯ ಡ್ರಮ್ಮನ್ನು. ಆಮೇಲೆ ಬಟ್ಟೆಯ ಬೀರು, ಮಂಚದ ಅಡಿ, ಸುತ್ತಿಟ್ಟ ಹಾಸಿಗೆ, ಸ್ನಾನದ ಮನೆಯ ತೊಟ್ಟಿ, ತಾರಸಿಯ ನೀರಿನ ಟ್ಯಾಂಕು. ಏಳು ವರ್ಷದ ಮಗು ಬೀದಿಯಿಂದ ಕಾಣೆಯಾಗಿದೆ ಎಂದು ಫೋನ್ ಮಾಡಿದರೆ ಇವರು ಅಡುಗೆಮನೆ ತಡಕುತ್ತಾರಲ್ಲ ಎಂದು ಪುಟ್ಟಿಯ ತಾಯಿಗೆ ಮೈಯೆಲ್ಲ ಉರಿಯಿತು. ಮುಖ್ಯ ಪೇದೆ, ತಲೆ ನರೆತು ಹೊಟ್ಟೆ ಮುಂದೆ ಬಂದ ಮನುಷ್ಯ, ಮುಚ್ಚಳವನ್ನು ಒತ್ತಿ ಕೂರಿಸುತ್ತ ಸಮಾಧಾನ ಹೇಳಿದ. ತನ್ನ ಸರ್ವಿಸಿನಲ್ಲಿ ಎಷ್ಟೋ ಮಕ್ಕಳು ಮನೆಯ ಮೂಲೆಯಲ್ಲೇ ಗಡದ್ದಾಗಿ ನಿದ್ದೆ ಹೊಡೆಯುತ್ತ ಸಿಕ್ಕಿದ್ದಾರೆ, ಒಂದು ಸಲವಂತೂ ಇಡೀ ಠಾಣೆ ಊರು ಸುತ್ತಿ ಬಂದಮೇಲೆ ಹುಡುಗ ಬಾಗಿಲ ಹಿಂದಿನ ಚಾಪೆಯಿಂದ ಎದ್ದು ಬಂದು ನೀರು ಕೇಳಿದನಂತೆ. ಬೇರೆ ದಿನವಾಗಿದ್ದರೆ ಮನೆಯವರು ನಗುತ್ತಿದ್ದರೋ ಏನೋ. ಅವತ್ತು ಯಾರೂ ನಗಲಿಲ್ಲ.

ಅವತ್ತು ಶನಿವಾರ, ಶಾಲೆ ಅರ್ಧ ದಿನ. ಪುಟ್ಟಿಯ ತಾಯಿ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸದವಳು, ಐದು ಗಂಟೆಗೆ ಅಲ್ಲಿಂದ ಬಿಡುಗಡೆ. ಅವಳ ಗಂಡ ಲಿಫ್ಟ್ ರಿಪೇರಿಯವನು. ಎಲ್ಲಿ ಲಿಫ್ಟು ಮಧ್ಯದಲ್ಲಿ ನಿಂತರೆ ಅಲ್ಲಿಗೆ ಓಡಬೇಕು, ಅವನಿಗೆ ಶನಿವಾರ ಭಾನುವಾರ ಎಲ್ಲ ಒಂದೇ. ಮಗುವನ್ನು ನೋಡಿಕೊಳ್ಳುವುದು ಅತ್ತೆಯ ಪಾಲು. ಮಗು ಊಟ ಮಾಡಿ ಕೆಳಗೆ ಆಡಲು ಇಳಿದಿತ್ತು. ನಾಲ್ಕೂವರೆಗೆ ಅತ್ತೆ ಕಿಟಕಿಯಿಂದ ಕೂಗಿದರೆ ಓಗೊಡುವವರಿಲ್ಲ. ಸೊಸೆಗೆ ಹೇಳಿದರೆ ಎಲ್ಲಿ ಮಾತು ಕೇಳಬೇಕಾಗುತ್ತದೋ ಎಂದು ಮುದುಕಿ ತಾನೇ ಅರ್ಧ ಗಂಟೆ ಬೀದಿ ಬೀದಿ ಅಲೆದು, ಮಂಡಿ ಸೋತು, ಐದಕ್ಕೆ ಫೋನ್ ಮಾಡಿದಳು.

ಸಬ್‌ಇನ್‌ಸ್ಪೆಕ್ಟರ್ ಚಿಕ್ಕ ವಯಸ್ಸಿನವನು. ನಿಂತಲ್ಲಿ ನಿಲ್ಲದೆ ಓಡಾಡುತ್ತಲೇ ಪ್ರಶ್ನೆ ಕೇಳುತ್ತಿದ್ದ. ಮಗುವನ್ನು ಕೊನೆಗೆ ನೋಡಿದ್ದು ಎಷ್ಟು ಗಂಟೆಗೆ ಎಂದರೆ ಅತ್ತೆ ಈಗ ತಾನೇ ಇದ್ದಳು ಎನ್ನುತ್ತಾಳೆ. ಈಗ ತಾನೇ ಎಂದರೆ ಎಷ್ಟು ಹೊತ್ತು ಎಂದರೆ ಮತ್ತೆ ಈಗ ತಾನೇ. ಕೊನೆಗೆ ಜೊತೆಗಿದ್ದ ಮಹಿಳಾ ಪೇದೆ ಮುದುಕಿಯ ಪಕ್ಕದಲ್ಲಿ ಕುಳಿತು, ಊಟದ ಪಾತ್ರೆ ತೊಳೆದಿರಾ, ಬಟ್ಟೆ ಒಳಗೆ ತಂದಿರಾ, ಮಡಚಿದ್ದು ಆಗಿತ್ತಾ, ಚಹಾಕ್ಕೆ ಇಟ್ಟಿದ್ದಿರಾ ಎಂದು ಒಂದೊಂದೇ ಕೆಲಸ ಕೇಳುತ್ತ ಹೋಗಿ, ಮಗು ಇಳಿದದ್ದು ಮೂರೂವರೆ ಸುಮಾರಿಗೆ ಎಂದು ಹೊರಗೆಳೆದಳು. ಸೊಸೆ ಗೋಡೆಗೆ ಒರಗಿ ನಿಂತು ಎಲ್ಲ ಕೇಳಿಸಿಕೊಂಡಳು. ಒಂದು ಗಂಟೆ ಕಿಟಕಿಯಿಂದ ಇಣುಕಿ ಕೂಡ ನೋಡಿಲ್ಲ ಎಂಬುದು ಅಲ್ಲಿಗೆ ತಾನಾಗಿ ಹೊರಬಿತ್ತು.

ಬಟ್ಟೆಯ ವಿಷಯಕ್ಕೂ ಜಗಳವಾಯಿತು. ನೀಲಿ ಫ್ರಾಕ್ ಎಂದು ತಾಯಿ, ಹಳದಿ ಎಂದು ಅಜ್ಜಿ. ಬೆಳಿಗ್ಗೆ ತಾನೇ ತೊಡಿಸಿದ್ದು ಎಂದು ಇವಳು, ಮಧ್ಯಾಹ್ನ ಮೈಮೇಲೆಲ್ಲ ಊಟ ಚೆಲ್ಲಿಕೊಂಡಿದ್ದಕ್ಕೆ ತಾನೇ ಬದಲಾಯಿಸಿದ್ದು ಎಂದು ಅವಳು. ಮಹಿಳಾ ಪೇದೆ ಎದ್ದು ಹೋಗಿ ನೆನೆಹಾಕಿದ ಬಕೆಟ್ಟಿನಲ್ಲಿ ಕೈಯಾಡಿಸಿ ನೀಲಿ ಫ್ರಾಕನ್ನು ಎತ್ತಿ ತೋರಿಸಿದಳು. ಹಳದಿ ಎಂದು ಬರೆದುಕೊಂಡರು. ಈಚಿನ ಫೋಟೋ ಕೇಳಿದರು. ಫೋನಿನಲ್ಲಿ ಫೋಟೋ ನೂರಿದ್ದವು, ಒಂದರಲ್ಲೂ ಮಗು ನೆಟ್ಟಗೆ ನಿಂತಿರಲಿಲ್ಲ; ನಾಲಿಗೆ ಚಾಚಿದ್ದು, ಕಣ್ಣು ತಿರುಗಿಸಿದ್ದು, ತಲೆಗೆ ಪಾತ್ರೆ ಹಾಕಿಕೊಂಡದ್ದು. ಹುಡುಕಿ ಹುಡುಕಿ ಶಾಲೆಯ ಗುರುತಿನ ಚೀಟಿಯನ್ನೇ ಕೊಟ್ಟರು. ಬಸ್ ನಿಲ್ದಾಣಕ್ಕೆ, ರೈಲು ನಿಲ್ದಾಣಕ್ಕೆ ಅದು ಹೋಯಿತು. ಇಬ್ಬರು ಪೇದೆಗಳು ಮೂಲೆಯ ಔಷಧದಂಗಡಿಯ ಕ್ಯಾಮೆರಾ ನೋಡಲು ಹೋಗಿ, ಅದು ಮೂರು ತಿಂಗಳಿಂದ ಕೆಟ್ಟು ನಿಂತಿದೆ ಎಂಬ ಸುದ್ದಿ ತಂದರು.

ಅಷ್ಟರಲ್ಲಿ ಕೆಳಗಿನ ಮನೆಯ ಐದು ವರ್ಷದ ಹುಡುಗಿಯನ್ನು ಅವಳಮ್ಮ ಕೈ ಹಿಡಿದು ಮೇಲೆ ಕರೆತಂದಳು. ಪುಟ್ಟಿಯ ಜೊತೆ ಗೇಟಿನ ಹತ್ತಿರ ಆಡುತ್ತಿದ್ದವಳು ಇವಳೊಬ್ಬಳೇ. ಸಬ್‌ಇನ್‌ಸ್ಪೆಕ್ಟರ್ ಮಂಡಿಯೂರಿ ಕುಳಿತು ಮೆಲ್ಲಗೆ ಕೇಳಿದ.

"ಪುಟ್ಟಿ ಎಲ್ಲಿಗೆ ಹೋದ್ಲು ಗೊತ್ತಾ ಮರಿ?"

"ಮಾಮ ಕರ್ಕೊಂಡು ಹೋದ್ರು."

ಆ ಮನೆಯಲ್ಲಿ ಮಾಮ ಎಂದರೆ ಒಬ್ಬನೇ. ಪುಟ್ಟಿಯ ತಾಯಿಯ ಬೆನ್ನಿಗೆ ಹುಟ್ಟಿದ ತಮ್ಮ, ಟೈರಿನಂಗಡಿಯ ಕೆಲಸದವನು, ಎರಡು ವರ್ಷ ಇದೇ ಮನೆಯ ಮುಂದಿನ ಕೋಣೆಯಲ್ಲಿ ಇದ್ದು, ಹತ್ತು ದಿನದ ಹಿಂದೆ ಜಗಳವಾಡಿ ಚೀಲ ಹೆಗಲಿಗೇರಿಸಿ ಹೊರಟುಹೋದವನು. ಸಬ್‌ಇನ್‌ಸ್ಪೆಕ್ಟರ್ ಎದ್ದು ನಿಂತು ಮಾಮ ಯಾರು ಎಂದು ಕೇಳಿದ. ಎಲ್ಲರೂ, ಸುದ್ದಿ ತಿಳಿದು ಕೆಲಸ ಬಿಟ್ಟು ಓಡಿಬಂದಿದ್ದ ಲಿಫ್ಟಿನವನ ಮುಖ ನೋಡಿದರು. ಎರಡು ವರ್ಷದಲ್ಲಿ ಅವನು ಮೈದುನನ ಬಗ್ಗೆ ಒಂದು ಒಳ್ಳೆಯ ಮಾತು ಆಡಿದ್ದನ್ನು ಕೇಳಿದವರಿರಲಿಲ್ಲ. ಬಚ್ಚಲು ಕರಿ ಮಾಡುತ್ತಾನೆ, ಒಂಬತ್ತರವರೆಗೆ ಮಲಗುತ್ತಾನೆ, ದಂಡಪಿಂಡ ಎಂದು ದಿನಾ ಗೊಣಗುತ್ತಿದ್ದವನು.

"ನನ್ನ ಹೆಂಡತಿ ತಮ್ಮ ಸಾರ್," ಎಂದ ಅವನು ನೆಲ ನೋಡುತ್ತ. "ಒಳ್ಳೆ ಹುಡುಗ. ಅಂಥವನಲ್ಲ."

ಮಹಿಳಾ ಪೇದೆ ಪುಟ್ಟಿಯ ತಾಯಿಯನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದಕ್ಕೆ ಎಳೆದಳು. ಮನೆಯವರನ್ನು ಬೇರೆ ಬೇರೆ ಕೂರಿಸಿ ಕೇಳುವುದು ಅವರ ಪದ್ಧತಿಯಂತೆ, ಬೇಜಾರು ಮಾಡಿಕೊಳ್ಳಬಾರದಂತೆ. ತಮ್ಮ ಯಾಕೆ ಮನೆ ಬಿಟ್ಟ ಎಂದು ಕೇಳಿದಳು. ಇವಳು ಇದ್ದದ್ದು ಇದ್ದಹಾಗೆ ಹೇಳಿದಳು. ರಾತ್ರಿಯ ಊಟಕ್ಕೆ ಕುಳಿತಿದ್ದಾಗ ಪುಟ್ಟಿ ನೀರಿನ ಲೋಟ ಉರುಳಿಸಿದ್ದು, ಅತ್ತೆ ಅವಳ ಕೈಮೇಲೆ ಸೌಟಿನಿಂದ ಒಂದು ಬಿಗಿದದ್ದು, ಮಗು ಅತ್ತದ್ದು, ತಮ್ಮ ತಟ್ಟೆ ಬಿಟ್ಟು ಎದ್ದದ್ದು, ಮನೆಯೆಲ್ಲ ರಂಪವಾದದ್ದು. ಪೇದೆ ಬರೆಯುವುದನ್ನು ನಿಲ್ಲಿಸಿದಳು.

"ಮಗು ವಿಷಯಕ್ಕೆ ಅವರು ಏನಾದ್ರೂ ಅಂದಿದ್ರಾ? ಸಿಟ್ಟಲ್ಲಿ ಬಾಯಿಗೆ ಬಂದಿದ್ದಾದ್ರೂ ಸರಿ."

ಒಲೆಯ ಮೇಲೆ ಮಧ್ಯಾಹ್ನದ ಅನ್ನದ ಪಾತ್ರೆ ಹಾಗೇ ಇತ್ತು. ಪುಟ್ಟಿಯ ತಾಯಿ ಅದಕ್ಕೊಂದು ತಟ್ಟೆ ಮುಚ್ಚಿದಳು. ಇಲ್ಲ ಎಂದುಬಿಡಬಹುದಿತ್ತು, ಅವಳ ಎದುರು ಇದ್ದದ್ದು ಪೇದೆಯೊಬ್ಬಳೇ.

"ಅಂದಿದ್ದ," ಎಂದಳು. "'ಈ ಮನೇಲಿ ಮಗು ಸಾಕೋಕೆ ಯಾರಿಗೂ ಬರಲ್ಲ. ಒಂದಿನ ಇವಳನ್ನ ಎತ್ಕೊಂಡು ಹೋಗ್ತೀನಿ, ಆಮೇಲೆ ಹುಡುಕ್ತಾ ಇರಿ' ಅಂದ."

ಪೇದೆ ಅದನ್ನು ಬರೆದುಕೊಂಡು ಓದಿ ಹೇಳಿದಳು. ಕಾಗದದ ಮೇಲೆ ಆ ಮಾತಿಗೆ ಬೇರೆಯದೇ ಬಣ್ಣ ಬಂದಿತ್ತು. ಅಲ್ಲಿ ಅಳುವ ಮಗು ಇರಲಿಲ್ಲ, ಸೌಟು ಇರಲಿಲ್ಲ, ಅರ್ಧಕ್ಕೆ ಬಿಟ್ಟ ತಟ್ಟೆ ಇರಲಿಲ್ಲ. ಸರಿಯಾಗಿದೆಯಾ ಎಂದು ಕೇಳಿದರೆ ಪುಟ್ಟಿಯ ತಾಯಿ ಸರಿಯಾಗಿದೆ ಎಂದು ರುಜು ಹಾಕಿದಳು.

ಅಲ್ಲಿಂದ ಮುಂದೆ ಎಲ್ಲ ಚಕಚಕನೆ ಆಯಿತು. ತಮ್ಮನ ಫೋನಿಗೆ ಹಚ್ಚಿದರೆ ಸ್ವಿಚ್ ಆಫ್. ಟೈರಿನಂಗಡಿಗೆ ಹಚ್ಚಿದರೆ, ಮನೆ ಕಡೆ ಕೆಲಸವಿದೆ ಎಂದು ಎರಡು ದಿನ ರಜೆ ಹಾಕಿ ಮೂರು ಗಂಟೆಗೇ ಹೋದ ಎಂದು ಮಾಲೀಕ. ಸಬ್‌ಇನ್‌ಸ್ಪೆಕ್ಟರ್ ಬಾಯಲ್ಲಿ ಮೊದಲ ಸಲ ಅಪಹರಣ ಎಂಬ ಮಾತು ಬಂತು. ತಮ್ಮನ ಫೋಟೋ ಬೇಕೆಂದಾಗ ಸಿಕ್ಕಿದ್ದು ಒಂದೇ, ಪುಟ್ಟಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ನಗುತ್ತಿರುವುದು. ಅದರಲ್ಲಿ ಪುಟ್ಟಿಯ ಕಾಲು ಕತ್ತರಿಸಿ ತೆಗೆದು ಅವನ ಮುಖವನ್ನಷ್ಟೇ ಎಲ್ಲ ಠಾಣೆಗಳಿಗೆ ಕಳಿಸಿದರು. ಬೀದಿ ಹುಡುಕುತ್ತಿದ್ದವರನ್ನು ಜೀಪಿಗೆ ಹತ್ತಿಸಿ ಬಸ್ ನಿಲ್ದಾಣಕ್ಕೆ ಅಟ್ಟಿದರು.

ಅತ್ತೆ ಮೂಲೆಯಲ್ಲಿ ಕುಳಿತು ಕಣ್ಣೊರೆಸಿಕೊಳ್ಳುತ್ತ, ನಿನ್ನ ತಮ್ಮ ಹಾಗೆ ಮಾಡುತ್ತಾನೇನೇ ಎಂದು ಸೊಸೆಯನ್ನು ಕೇಳಿದಳು. ಐದು ಗಂಟೆಯಿಂದ ನಿಂತೇ ಇದ್ದ ಸೊಸೆ ಆಗ ಕುಳಿತಳು, ಯಾರೋ ಕೊಟ್ಟ ನೀರನ್ನು ಕುಡಿದಳು. ಅವಳ ಮುಖಕ್ಕೆ ಸ್ವಲ್ಪ ಕಳೆ ಬಂದದ್ದನ್ನು ಗಂಡ ಗಮನಿಸಿದ. ಅವನಿಗೆ ಅದು ಹಿಡಿಸಲಿಲ್ಲ.

ಏಳರ ಹೊತ್ತಿಗೆ ಮನೆಯಲ್ಲಿ ಉಳಿದಿದ್ದವರು ಮುಖ್ಯ ಪೇದೆ ಮತ್ತು ಮಹಿಳಾ ಪೇದೆ ಇಬ್ಬರೇ. ಕೆಳಗಿನ ಮನೆಯ ಹುಡುಗಿ ಮತ್ತೆ ಮೆಟ್ಟಿಲು ಹತ್ತಿ ಬಂದಳು. ಇಷ್ಟೆಲ್ಲ ಜನ ಸೇರಿದ್ದು ಅವಳಿಗೆ ಹಬ್ಬವೇ ಆಗಿತ್ತು. ಮುಖ್ಯ ಪೇದೆಯ ಮುಂದೆ ನಿಂತು ಕೈ ಚಾಚಿದಳು.

"ಮಾಮ, ಟೋಪಿ ಕೊಡಿ."

ಅವನು ಕೊಟ್ಟ. ಅದು ಅವಳ ಮೂಗಿನವರೆಗೂ ಇಳಿಯಿತು. ಮಹಿಳಾ ಪೇದೆ ಕೈಯಲ್ಲಿದ್ದ ಚಹಾದ ಲೋಟವನ್ನು ಕೆಳಗಿಟ್ಟಳು. ಹುಡುಗಿಯನ್ನು ಹತ್ತಿರ ಕರೆದು, ಇವರು ಯಾರು ಎಂದು ಮುಖ್ಯ ಪೇದೆಯನ್ನು ತೋರಿಸಿದಳು. ಪೊಲೀಸ್ ಮಾಮ. ಕಿಟಕಿಯಿಂದ ಎದುರಿನ ಅಂಗಡಿಯವನನ್ನು ತೋರಿಸಿದಳು. ಅಂಗಡಿ ಮಾಮ. ಲಿಫ್ಟಿನವನನ್ನು ತೋರಿಸಿದಳು. ಪುಟ್ಟಿ ಅಪ್ಪ ಮಾಮ.

"ಪುಟ್ಟಿಯನ್ನ ಕರ್ಕೊಂಡು ಹೋದ್ರಲ್ಲ, ಅವರು ಯಾವ ಮಾಮ?"

"ಗಾಡಿ ಮಾಮ," ಎಂದಳು ಹುಡುಗಿ ಟೋಪಿಯೊಳಗಿಂದ. ಇಷ್ಟೂ ಗೊತ್ತಿಲ್ಲವೇ ಎಂಬ ದನಿ. "ಕ್ಲಾಸ್ ಗಾಡಿ."

ಕ್ಲಾಸ್ ಗಾಡಿ ಎಂದೊಡನೆ ಬಾಗಿಲಲ್ಲಿ ನಿಂತು ಮರುಗುತ್ತಿದ್ದ ಎರಡನೇ ಮಹಡಿಯ ಹೆಂಗಸು ಹಣೆ ಚಚ್ಚಿಕೊಂಡಳು. ಅವಳ ಮಗಳು ಶನಿವಾರ ಚಿತ್ರಕಲೆಯ ಕ್ಲಾಸಿಗೆ ಹೋಗುವವಳು, ಮಕ್ಕಳನ್ನು ಒಯ್ಯಲು ವ್ಯಾನ್ ಬರುತ್ತದೆ. ಇವತ್ತು ಮಗಳಿಗೆ ಜ್ವರ. ಬರುವುದಿಲ್ಲ ಎಂದು ದಿನದ ಡ್ರೈವರನಿಗೆ ಬೆಳಿಗ್ಗೆಯೇ ಹೇಳಿದ್ದಳು, ಆದರೆ ಅವನೂ ರಜೆ ಹಾಕಿ ಬೇರೆಯವನನ್ನು ಕಳಿಸಿದ್ದಾನೆ, ಹೇಳಬೇಕಾದ್ದನ್ನು ಹೇಳಲು ಮರೆತಿದ್ದಾನೆ. ಆ ಮಗುವನ್ನೂ ಮನೆಯಲ್ಲಿ ಪುಟ್ಟಿ ಎಂದೇ ಕರೆಯುತ್ತಾರೆ. ಯಾವ ಬೀದಿಯಲ್ಲಿ ನಿಂತು ಪುಟ್ಟಿ ಎಂದು ಕೂಗಿದರೂ ನಾಲ್ಕು ಮಕ್ಕಳು ತಿರುಗಿ ನೋಡುವುದಿಲ್ಲವೇ?

ಮುಖ್ಯ ಪೇದೆ ಕ್ಲಾಸಿನ ಮೇಷ್ಟ್ರಿಗೆ ಫೋನ್ ಹಚ್ಚಿದ. ಹೌದು, ಹಳದಿ ಫ್ರಾಕಿನ ಹೊಸ ಹುಡುಗಿ ಬಂದಿದ್ದಳು, ಜಾಣೆ, ಈಗಷ್ಟೇ ಎಲ್ಲರೊಡನೆ ವ್ಯಾನ್ ಹತ್ತಿದಳು ಎಂದು ಆತ ಹೇಳಿದ. ವ್ಯಾನ್ ಬರುವವರೆಗಿನ ಮೂವತ್ತೈದು ನಿಮಿಷ ಪುಟ್ಟಿಯ ತಾಯಿ ಗೇಟಿನ ಸರಳು ಹಿಡಿದು ನಿಂತಿದ್ದಳು. ಪುಟ್ಟಿ ಇಳಿದಾಗ ಮೊಣಕೈವರೆಗೂ ಹಸಿರು ಬಣ್ಣ. ಗೇಟಿನಲ್ಲಿ ಇಷ್ಟೊಂದು ಜನ ನೋಡಿ ಗಾಬರಿಯಾಗಿ ಡ್ರೈವರನ ಹಿಂದೆಯೇ ಅಡಗಿದಳು. ಈ ಕ್ಲಾಸಿಗೆ ತನ್ನನ್ನೂ ಸೇರಿಸು ಎಂದು ಅವಳು ತಿಂಗಳಿಂದ ಪೀಡಿಸುತ್ತಿದ್ದಳು, ಮುಂದಿನ ವರ್ಷ ನೋಡೋಣ ಎಂದು ತಾಯಿ ತಳ್ಳಿಹಾಕುತ್ತಿದ್ದಳು. ಯಾಕೆ ಹೋದೆ ಎಂದರೆ, ಪುಟ್ಟಿ ಯಾರು ಎಂದು ಕೇಳಿದರು, ನಾನೇ ಎಂದೆ, ಅಷ್ಟೇ. ಅದರಲ್ಲಿ ಸುಳ್ಳೇನಿತ್ತು ಪಾಪ. ಅಜ್ಜಿ ಅವಳನ್ನು ಎಳೆದು ತಬ್ಬಿಕೊಂಡು ಅತ್ತಳು, ತಾಯಿ ಬೆನ್ನಿಗೊಂದು ಗುದ್ದಿ ಆಮೇಲೆ ತಬ್ಬಿಕೊಂಡಳು.

ಮಹಿಳಾ ಪೇದೆ ಪಕ್ಕಕ್ಕೆ ಹೋಗಿ ಸಬ್‌ಇನ್‌ಸ್ಪೆಕ್ಟರನಿಗೆ ಫೋನ್ ಮಾಡುತ್ತಿದ್ದಳು. ಮಗು ಸಿಕ್ಕಿತು, ಆ ಹುಡುಗನನ್ನು ಬಿಟ್ಟುಬಿಡಿ ಎಂದದ್ದು ಕೇಳಿಸಿತು. ತಮ್ಮ ಸಿಕ್ಕಿದ್ದಾನೆ ಎಂಬುದೇ ಮನೆಯವರಿಗೆ ಆಗ ಗೊತ್ತಾದದ್ದು.

ಉಳಿದದ್ದು ದಿನ ಕಳೆದಂತೆ ಒಬ್ಬೊಬ್ಬರ ಬಾಯಿಂದ ಬಂತು. ಬೇರೆ ಊರಿನ ಟೈರ್ ಗೋದಾಮಿನಲ್ಲಿ ಕೆಲಸ ಖಾಲಿ ಇದೆಯೆಂದು ನೋಡಿಬರಲು ಹೊರಟಿದ್ದನಂತೆ. ಫೋನು ಚಾರ್ಜಿಲ್ಲದೆ ಸತ್ತಿತ್ತಂತೆ. ಇನ್ನೇನು ಹೊರಡಬೇಕಿದ್ದ ಬಸ್ಸಿನಿಂದ ಕತ್ತಿನ ಪಟ್ಟಿ ಹಿಡಿದು ಇಳಿಸಿದರು, ಪ್ರಯಾಣಿಕರೆಲ್ಲ ಮಕ್ಕಳ ಕಳ್ಳ ಮಕ್ಕಳ ಕಳ್ಳ ಎಂದು ಕಿಟಕಿಯಿಂದ ಇಣುಕಿದರು. ಠಾಣೆಯಲ್ಲಿ ಒಂದು ಗಂಟೆ, ಮಗು ಎಲ್ಲಿಟ್ಟಿದ್ದೀಯ ಎನ್ನುವುದೊಂದೇ ಪ್ರಶ್ನೆ, ಒಂದೊಂದು ಸಲಕ್ಕೆ ಒಂದೊಂದು ಏಟು. ನನ್ನ ಮೇಲೆ ಯಾರು ಹೇಳಿದ್ದು ಎಂದು ಅವನು ಕೇಳಿದಾಗ ಒಬ್ಬ ಪೇದೆ, ಅಕ್ಕನ ರುಜು ಇದ್ದ ಕಾಗದವನ್ನೇ ಮುಖದ ಮುಂದೆ ಹಿಡಿದನಂತೆ. ಬಿಟ್ಟು ಕಳಿಸುವಾಗ ಸಬ್‌ಇನ್‌ಸ್ಪೆಕ್ಟರ್ ತಪ್ಪು ತಿಳಿಯಬೇಡ ಎಂದ. ಗೋದಾಮಿನ ಕೆಲಸ ಬೇರೆಯವರ ಪಾಲಾಯಿತು.

ಅವನು ಅಕ್ಕನ ಮನೆಗೆ ಬರಲಿಲ್ಲ. ಮೊದಲ ವಾರ ಫೋನ್ ಎತ್ತಲಿಲ್ಲ, ಎರಡನೇ ವಾರ ಎತ್ತಿ, ಕೆಲಸದಲ್ಲಿದ್ದೇನೆ ಎಂದು ಇಟ್ಟ. ಮನೆಯಲ್ಲಿ ಯಾರಿಗೂ ಊಟ ಸೇರದಾಯಿತು. ಪುಟ್ಟಿ ತಟ್ಟೆಯ ಮುಂದೆ ಕುಳಿತಾಗೆಲ್ಲ ಮಾಮ ಯಾವಾಗ ಬರ್ತಾನೆ ಎಂದು ಒಂದೇ ಸಮನೆ ಕೇಳುವುದು, ಬರ್ತಾನೆ ತಿನ್ನು ಎಂದು ಅಜ್ಜಿ ಸುಳ್ಳು ಹೇಳುವುದು. ಎಲ್ಲಕ್ಕಿಂತ ಬದಲಾದವಳು ಅತ್ತೆಯೇ. ಅವನ ಹೆಸರೆತ್ತಿದರೆ ಸಿಡುಕುತ್ತಿದ್ದವಳು ಈಗ ಡಬ್ಬಿಗೆ ಅನ್ನ, ಬೇಯಿಸಿದ ಮೊಟ್ಟೆ ತುಂಬಿ ಟೈರಿನಂಗಡಿಗೆ ಒಯ್ಯತೊಡಗಿದಳು. ಅವನು ಅವಳ ಎದುರಿಗೇ ತಿಂದು, ಡಬ್ಬಿ ತೊಳೆದು ಕೊಡುತ್ತಿದ್ದ. ಅಕ್ಕನ ಸುದ್ದಿ ಮಾತ್ರ ಕೇಳುತ್ತಿರಲಿಲ್ಲ. ಅಂಗಡಿಯಲ್ಲಿ ಅವನಿಗೆ ಕಿಡ್ನಾಪ್ ಮಾಮ ಎಂದು ಹೆಸರಿಟ್ಟಿದ್ದಾರೆ ಎಂದು ಅತ್ತೆಯೇ ಬಂದು ಹೇಳಿದಳು.

ನಾಲ್ಕನೇ ವಾರ ಗಂಡ ಹೆಂಡತಿಗೂ ಹತ್ತಿಕೊಂಡಿತು. ಲಿಫ್ಟಿನವನು ಕೈಗೆ ಅಂಟಿದ ಗ್ರೀಸನ್ನು ಉಜ್ಜಿ ತೊಳೆಯುತ್ತ, ಒಂದು ಸಲ ಹೋಗಿ ಅವನ ಹತ್ತಿರ ಮಾತಾಡಬಾರದೇ ಎಂದ. ತಾನೊಬ್ಬಳೇ ಯಾಕೆ ಹೋಗಬೇಕು, ನೀವೇನು ಅವನನ್ನು ಅಂಗೈಯಲ್ಲಿಟ್ಟು ಸಾಕಿದ್ದಿರಾ ಎಂದು ಇವಳು ಸಿಡಿದಳು.

"ನಾನು ಅವನನ್ನ ದಿನಾ ಬೈದವನೇ ಕಣೇ," ಎಂದ ಅವನು. "ಆದ್ರೆ ಮಗು ಕದಿಯೋನು ಅಂತ ನನ್ನ ಬಾಯಲ್ಲಿ ಬರಲಿಲ್ಲ. ನಿನ್ನ ಬಾಯಲ್ಲಿ ಹೇಗೆ ಬಂತು?"

ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಮರುದಿನ ಕನ್ನಡಕದಂಗಡಿಯಲ್ಲಿ ಯಾರದೋ ಎಡಗಣ್ಣಿನ ಗಾಜನ್ನು ಬಲಗಡೆಗೆ ಕೂರಿಸಿ ಮಾಲೀಕನಿಂದ ಚೆನ್ನಾಗಿ ಅನ್ನಿಸಿಕೊಂಡಳು. ಇನ್ನೊಂದು ವಾರ ಹೀಗೇ ತಳ್ಳಿದಳು. ಆಮೇಲೆ ಒಂದು ದಿನ ಊಟದ ಬಿಡುವಿನಲ್ಲಿ, ಅತ್ತೆಯ ಡಬ್ಬಿಯನ್ನು ತಾನೇ ಹಿಡಿದು ಟೈರಿನಂಗಡಿಗೆ ಹೋದಳು.

ಅಂಗಡಿಯ ಮುಂದೆ ಲಾರಿಯೊಂದು ಜ್ಯಾಕಿನ ಮೇಲೆ ವಾಲಿ ನಿಂತಿತ್ತು. ತಮ್ಮ ಬಿಚ್ಚಿದ ಚಕ್ರವನ್ನು ನೆಲಕ್ಕೆ ಕೆಡವಿ, ಕಬ್ಬಿಣದ ಪಟ್ಟಿ ತೂರಿಸಿ ಟೈರನ್ನು ಮೀಟಿ ಎಬ್ಬಿಸುತ್ತಿದ್ದ. ಅಕ್ಕನನ್ನು ನೋಡಿದ, ಕೈ ನಿಲ್ಲಿಸಲಿಲ್ಲ. ಅವಳು ಡಬ್ಬಿಯನ್ನು ಬೆಂಚಿನ ಮೇಲಿಟ್ಟು, ಪುಟ್ಟಿಗೆ ಹಲ್ಲು ಬಿದ್ದದ್ದು, ಅತ್ತೆಯ ಮಂಡಿನೋವು, ಏನೇನೋ ಹೇಳಿದಳು. ಅವನು ಹೂಂ ಹೂಂ ಎನ್ನುತ್ತಿದ್ದ. ಟೈರು ಒಂದು ಸುತ್ತು ಪೂರ್ತಿ ಎದ್ದು ಬಂದಮೇಲೆ ಕೈಯಲ್ಲಿದ್ದ ಪಟ್ಟಿಯನ್ನು ಕೆಳಗಿಟ್ಟ.

"ಒಂದು ಕೇಳ್ತೀನಿ, ನಿಜ ಹೇಳಕ್ಕ. ನಾನೇ ಅಂತ ನಿಂಗೆ ಅನ್ನಿಸ್ತಾ?"

ಐದು ವಾರ ಅವಳು ಇದಕ್ಕೆ ಉತ್ತರ ಕಟ್ಟಿಕೊಂಡಿದ್ದಳು. ಪೊಲೀಸರು ಹಾಗೆ ಕೇಳಿದರು, ತಲೆ ಕೆಟ್ಟಿತ್ತು, ಆ ಹುಡುಗಿ ಮಾಮ ಎಂದಳು. ಅಷ್ಟೂ ನಿಜವೇ. ಅವನ ಎದುರಿಗೆ ನಿಂತಾಗ ಅದರಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ.

"ಅನ್ನಿಸ್ಲಿಲ್ಲ ಕಣೋ," ಎಂದಳು. "ನೀನೇ ಆಗಿರ್ಲಿ ಅಂತ ಬೇಡ್ಕೊಂಡೆ. ಬೇರೆ ಯಾರಾದ್ರೂ ಆಗಿದ್ರೆ ಏನು ಗತಿ? ನೀನಾದ್ರೆ ಹೊಟ್ಟೆಗೆ ಹಾಕಿರ್ತೀಯ, ಅತ್ರೆ ಎತ್ಕೊಂಡಿರ್ತೀಯ. ಅದಕ್ಕೇ ಹೇಳ್ಬಿಟ್ಟೆ. ನಿನ್ನ ಗತಿ ಏನಾಗತ್ತೆ ಅಂತ ನೋಡ್ಲೇ ಇಲ್ಲ ನಾನು."

ತಮ್ಮ ಕರಿ ಹಿಡಿದ ಕೈಯನ್ನು ಚಿಂದಿಬಟ್ಟೆಗೆ ಒರೆಸಿಕೊಂಡ. ಒರೆಸಿದ ಕೈಯನ್ನೇ ಮತ್ತೆ ಮತ್ತೆ ಒರೆಸುತ್ತಿದ್ದ. ರಸ್ತೆಯಲ್ಲಿ ಯಾವುದೋ ಬಸ್ಸು ಹಾರನ್ ಹೊಡೆದು ಹೋಯಿತು.

"ಅಲ್ಲಿ ಹೊಡೀತಾ ಇದ್ದಾಗಲೇ ನಂಗೆ ಗೊತ್ತಾಗಿದ್ದು, ಪುಟ್ಟಿ ಇಲ್ಲ ಅಂತ," ಎಂದ. "ಏಟು ಆಮೇಲೆ ತಿಳೀಲೇ ಇಲ್ಲ ಅಕ್ಕ. ನಾನೂ ಅದನ್ನೇ ಅಂದ್ಕೊಂಡೆ. ನಾನೇ ಎತ್ಕೊಂಡು ಹೋಗಿದ್ರೆ ಎಷ್ಟು ಚೆನ್ನಾಗಿತ್ತು ಅಂತ."

ಅಕ್ಕ ಹಿಂದೆ ಪೇರಿಸಿದ್ದ ಹಳೆಯ ಟೈರುಗಳ ಮೇಲೆ, ಸೀರೆ ಕೊಳೆಯಾಗುತ್ತದೆ ಎಂಬುದನ್ನೂ ನೋಡದೆ ಕುಳಿತುಬಿಟ್ಟಳು.